ಉಪ್ಪು, ಬರ, ಬಿಸಿಲು ತಡ್ಕೊಳ್ಳೋ ಯೀಸ್ಟ್ ಬಳಸಿ ಬೆಳೆ ಬೆಳೆಸೋದು: ಹಂತಹಂತವಾಗಿ ಪೂರ್ತಿ ಮಾರ್ಗದರ್ಶಿ

ಯೀಸ್ಟ್ ಹಾಕಿದ್ವಿ, ಏನೂ ಆಗ್ಲಿಲ್ಲ. ಇಲ್ಲಾಂದ್ರೆ ಹಾಕಿ ವಾರಕ್ಕೇ ಎಲೆ ಹಳದಿ ಆಯ್ತು, ಬುಡದಲ್ಲಿ ಹುಳಿ ವಾಸನೆ ಬಂತು. ಇದನ್ನ ಎಷ್ಟು ಜನರ ಬಾಯಲ್ಲಿ ಕೇಳಿದ್ದೀನೋ ಲೆಕ್ಕ ಇಲ್ಲ. ಹೇಗೆ ಮಾಡಿದ್ರಿ ಅಂತ ಕೇಳಿದ್ರೆ ಹೆಚ್ಚುಕಮ್ಮಿ ಎಲ್ರದ್ದೂ ಒಂದೇ ಉತ್ತರ: ಸಕ್ಕರೆ ನೀರಿಗೆ ಯೀಸ್ಟ್ ಹಾಕಿ ರಾತ್ರಿ ಇಟ್ವಿ, ಬೆಳಿಗ್ಗೆ ನೊರೆ ಉಕ್ತಿತ್ತು, ಹಾಗೇ ತಗೊಂಡ್ಹೋಗಿ ಬುಡಕ್ಕೆ ಸುರಿದ್ವಿ.

ಎಡವಿದ್ದು ಅಲ್ಲೇ. ನೊರೆ ಉಕ್ಕೋ ಹೊತ್ತಲ್ಲಿ ಯೀಸ್ಟ್ ಕೋಶ ಓಡೋಡಿ ಬೆಳೀತಿರತ್ತೆ, ಹಾಗೆ ಬೆಳೀತಿರೋ ಕೋಶಕ್ಕೆ ಬಿಸಿಲಾಗ್ಲಿ ಉಪ್ಪಾಗ್ಲಿ ಒಣಗೋದಾಗ್ಲಿ ತಡ್ಕೊಳ್ಳೋ ಶಕ್ತಿ ಇರಲ್ಲ. ಸಕ್ಕರೆ ಮುಗಿದು ಹಸಿವು ಕಂಡ್ಮೇಲೇನೇ ಅದು ಒಳಗೆ ಟ್ರೆಹಲೋಸ್ ಅನ್ನೋ, ಕೋಶ ಕಾಪಾಡೋ ಸಕ್ಕರೆ ಕೂಡಿಟ್ಕೊಳ್ಳೋದು, ಗೋಡೆ ಗಟ್ಟಿ ಮಾಡ್ಕೊಳ್ಳೋದು. ಅಂದ್ರೆ ನೀವು ಸುರಿದಿದ್ದು ಅತ್ಯಂತ ಬಡಕಲು ಹಂತದ ಯೀಸ್ಟ್, ಅದರ ಜೊತೆಗೆ ಉಳಿದ ಸಕ್ಕರೆ, ಅದರ ಜೊತೆಗೆ ಆಲ್ಕೋಹಾಲ್. ಗಿಡಕ್ಕೆ ಬೇಕಿರೋದು ಹಸಿದು ಗಟ್ಟಿಯಾದ, ತೊಳೆದ, ಎಣಿಸಿದ ಯೀಸ್ಟ್. ಈ ಇಡೀ ಬರಹ ಅಲ್ಲಿಗೆ ಹೋಗೋ ದಾರಿ ಅಷ್ಟೇ, ದಯವಿಟ್ಟು ಹಂತಗಳ ಕ್ರಮ ಮಾತ್ರ ಬದಲಾಯಿಸ್ಬೇಡಿ.

ಯೀಸ್ಟ್ ಗಿಡಕ್ಕೆ ಏನು ಮಾಡತ್ತೆ ಅನ್ನೋದು ಚಿಕ್ಕದಾಗಿ ತಿಳ್ಕೊಂಡಿರಿ, ಡೋಸ್ ಲೆಕ್ಕಕ್ಕೆ ಬೇಕಾಗತ್ತೆ. ಕೆಲವು ತಳಿಗಳು ಐಎಎ ಅನ್ನೋ ಬೇರು ಹಾರ್ಮೋನ್ ತಯಾರಿಸ್ತವೆ. ಕೆಲವು ತಮ್ಮೊಳಗೆ ಎಸಿಸಿ ಡಿಅಮಿನೇಸ್ ಅನ್ನೋ ಕಿಣ್ವ ತಯಾರಿಸ್ಕೊಳ್ತವೆ. ಗಿಡ ಕಷ್ಟದಲ್ಲಿದ್ದಾಗ ಎಥಿಲೀನ್ ಅನ್ನೋ ಹಾರ್ಮೋನ್ ಅನಿಲ ಜಾಸ್ತಿ ಮಾಡ್ಕೊಂಡು ತನ್ನ ಬೇರಿನ ಬೆಳವಣಿಗೆ ತಾನೇ ನಿಲ್ಲಿಸ್ಕೊಳ್ಳತ್ತಲ್ಲ, ಆ ಎಥಿಲೀನ್‌ಗೆ ಬೇಕಾದ ಕಚ್ಚಾ ವಸ್ತುವೇ ಎಸಿಸಿ, ಅದನ್ನ ಈ ಕಿಣ್ವ ಒಡೆದು ಹಾಕತ್ತೆ. ಇನ್ನು ಕೆಲವು ಮಣ್ಣಲ್ಲಿ ಕರಗದೆ ಕೂತಿರೋ ರಂಜಕ, ಸತು ಕರಗಿಸಿಕೊಡ್ತವೆ. ಎಲ್ಲಾ ಯೀಸ್ಟೂ ಎಲ್ಲಾ ಕೆಲಸ ಮಾಡಲ್ಲ, ಒಂದೇ ಜಾತಿಯಲ್ಲೂ ತಳಿಯಿಂದ ತಳಿಗೆ ತುಂಬಾ ವ್ಯತ್ಯಾಸ ಇರತ್ತೆ.

## ಮೊದಲು ಜೋಡಿಸ್ಕೊಳ್ಳಿ

ಪ್ರೆಶರ್ ಕುಕ್ಕರ್, ಗಾಜಿನ ಬಾಟಲಿಗಳು, ಹತ್ತಿ, ಪಿಎಚ್ ಪೇಪರ್, ಇಸಿ ಮೀಟರ್ (ಎಷ್ಟು ಉಪ್ಪು ಕರಗಿದೆ ಅನ್ನೋದನ್ನ ವಿದ್ಯುತ್ ಹರಿಯೋದ್ರಿಂದ ಅಳೆಯೋದು), ಥರ್ಮಾಮೀಟರ್, ಗ್ರಾಂ ಲೆಕ್ಕದಲ್ಲಿ ತೂಗೋ ಸಣ್ಣ ತಕ್ಕಡಿ, ಅಕ್ವೇರಿಯಂಗೆ ಹಾಕೋ ಗಾಳಿ ಪಂಪ್, ಫ್ರಿಜ್‌ನಲ್ಲಿ ಒಂದಿಷ್ಟು ಜಾಗ. ಇವುಗಳ ಜೊತೆ 400 ಪಟ್ಟು ದೊಡ್ಡದು ಮಾಡಿ ತೋರ್ಸೋ ಮೈಕ್ರೋಸ್ಕೋಪ್, ನ್ಯೂಬಾಯರ್ ಎಣಿಕೆ ಗಾಜು, ಮಿಥಿಲೀನ್ ಬ್ಲೂ ಬೇಕು. ಮೈಕ್ರೋಸ್ಕೋಪ್ ಇಲ್ದೆ ನಡೆಯತ್ತಾ ಅಂತ ಎಲ್ರೂ ಕೇಳ್ತಾರೆ. ನಡೆಯಲ್ಲ. ಸ್ವಂತದ್ದೇ ಬೇಕು ಅಂತೇನಿಲ್ಲ, ವಿಜ್ಞಾನ ಕಾಲೇಜಿನ ಲ್ಯಾಬಲ್ಲಿ ಅರ್ಧ ಗಂಟೆ ಸಿಕ್ಕಿದ್ರೂ ಸಾಕು, ಆದ್ರೆ ಎಣಿಸದೆ ಹಾಕೋದು ಅಂದ್ರೆ ಅಳತೆ ನೋಡದೆ ಔಷಧಿ ಕುಡಿಸಿದ ಹಾಗೆ.

## ಹಂತ 1: ನಿಮ್ಮ ಮಣ್ಣಿನ ಕಷ್ಟ ಯಾವುದು ಅಂತ ಅಳೆಯಿರಿ

ಉಪ್ಪಾ, ಬರವಾ, ಬಿಸಿಯಾ? ಇದು ಗೊತ್ತಿಲ್ದೆ ಯೀಸ್ಟ್ ಆರಿಸೋಕೆ ಹೋಗ್ಬೇಡಿ. ಮಣ್ಣಿನ ಇಸಿ ನೋಡಿಸಿ, ಪಿಎಚ್ ನೋಡಿ, ಮಧ್ಯಾಹ್ನ ಎರಡು ಗಂಟೆಗೆ 5 ಸೆಂಟಿಮೀಟರ್ ಆಳದಲ್ಲಿ ಥರ್ಮಾಮೀಟರ್ ಚುಚ್ಚಿ ನೋಡಿ.

ಇಸಿ ಎಷ್ಟಿದ್ರೆ ತೊಂದ್ರೆ ಅನ್ನೋದು ಬೆಳೆ ಮೇಲೆ ಹೋಗತ್ತೆ. ಮಣ್ಣನ್ನ ನೀರಲ್ಲಿ ಪೇಸ್ಟ್ ಮಾಡಿ ಬಸಿದು ಅಳೆದ ಲೆಕ್ಕದಲ್ಲಿ ಹುರುಳಿಕಾಯಿ ಸುಮಾರು 1ಕ್ಕೇ ಸೊರಗೋಕೆ ಶುರು ಮಾಡತ್ತೆ, ಮೆಕ್ಕೆಜೋಳ 1.7, ಟೊಮೆಟೊ 2.5, ಭತ್ತ 3, ಗೋಧಿ 6, ಬಾರ್ಲಿ 8ರ ಹತ್ರ, ಎಲ್ಲಾ ಮೀಟರಿಗೆ ಇಷ್ಟು ಡೆಸಿಸೀಮೆನ್ಸ್ ಅನ್ನೋ ಲೆಕ್ಕ. ಮಣ್ಣಿಗೆ ಎರಡರಷ್ಟು ನೀರು ಕಲಸಿ ಮೀಟರ್ ಅದ್ದಿದ್ರೆ ಬರೋ ನಂಬರ್ ಇದಕ್ಕಿಂತ ತುಂಬಾ ಕಮ್ಮಿ ಇರತ್ತೆ, ಅದನ್ನ ಈ ಪಟ್ಟಿಗೆ ಹೋಲಿಸಿ ಸಮಾಧಾನ ಮಾಡ್ಕೊಳ್ಬೇಡಿ.

ಇಲ್ಲೊಂದು ವಿಷಯ ಜನಕ್ಕೆ ಹೊಳೆಯೋದೇ ಇಲ್ಲ. ಇಸಿ 8 ಅಂದ್ರೆ ನೀರಲ್ಲಿರೋ ಉಪ್ಪು ಶೇಕಡಾ ಅರ್ಧ ಅಷ್ಟೇ, ಸಮುದ್ರದ ನೀರಲ್ಲಿ ಶೇ. 3.5 ಇರತ್ತೆ. ಬೇಕರಿ ಯೀಸ್ಟ್ ಕೂಡ ಶೇ. 5 ಉಪ್ಪಲ್ಲಿ ನಿಧಾನವಾಗಿ ಬೆಳೆಯತ್ತೆ. ಹಂಗಾದ್ರೆ ಸವಳು ಮಣ್ಣಲ್ಲಿ ಅದು ಯಾಕೆ ಸಾಯತ್ತೆ? ಮಣ್ಣು ಒಣಗ್ತಾ ಹೋದ ಹಾಗೆ ಅದೇ ಉಪ್ಪು ಉಳಿದ ಚೂರು ನೀರಲ್ಲಿ ಗಟ್ಟಿ ಆಗ್ತಾ ಹೋಗತ್ತೆ, ಮೇಲಿಂದ ಬಿಸಿಲು ಕಾಯಿಸ್ತಿರತ್ತೆ, ಪಕ್ಕದಲ್ಲಿ ಮಣ್ಣಿನ ಬ್ಯಾಕ್ಟೀರಿಯಾ ಪೈಪೋಟಿಗೆ ನಿಂತಿರತ್ತೆ. ಅದಕ್ಕೇ ಉಪ್ಪು ಒಂದನ್ನೇ ಪರೀಕ್ಷೆ ಮಾಡಿದ್ರೆ ಸಾಲಲ್ಲ.

ಇನ್ನೊಂದು ಮಾತು, ನೀರು ನಿಂತು ಬೇರು ಕೊಳೀತಿದ್ರೆ, ಅಥವಾ ಮಣ್ಣು ಕಲ್ಲಿನ ಹಾಗೆ ಬಿಗಿದಿದ್ರೆ ಯೀಸ್ಟ್ ಏನೂ ಮಾಡಲ್ಲ. ಬಸಿಗಾಲುವೆ ಮೊದಲು.

## ಹಂತ 2: ಯೀಸ್ಟ್ ಆರಿಸಿ

ಮೊದಲ ಸಲ ಮಾಡೋರು ಬೇಕರಿ ಯೀಸ್ಟಲ್ಲೇ ಶುರು ಮಾಡಿ, ಸ್ಯಾಕರೋಮೈಸಿಸ್ ಸೆರೆವಿಸಿಯೆ ಅಂದ್ರೆ ಅದೇ. ಕೈ ಕುದುರಿದ್ಮೇಲೆ ಡೆಬಾರಿಯೋಮೈಸಿಸ್ ಹ್ಯಾನ್ಸೆನಿ ತರಿಸ್ಕೊಳ್ಳಿ, ಉಪ್ಪು ತಡ್ಕೊಳ್ಳೋದ್ರಲ್ಲಿ ಅದು ಬಹಳ ಗಟ್ಟಿ, ಶೇ. 15 ಉಪ್ಪಲ್ಲೂ ಬೆಳೆಯತ್ತೆ, ಆದ್ರೆ ಅದಕ್ಕೆ ತಂಪು ಇಷ್ಟ, 25 ಡಿಗ್ರಿ ಆಸುಪಾಸು, ಮಣ್ಣೇ 38 ಡಿಗ್ರಿ ಇರೋ ಕಡೆ ಅದನ್ನ ನೆಚ್ಕೋಬೇಡಿ. ಇವೆರಡೂ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ಕ್ಯುಪಿಎಸ್ ಪಟ್ಟಿಯಲ್ಲಿರೋ ಯೀಸ್ಟ್‌ಗಳು, ಅಂದ್ರೆ ಸುರಕ್ಷತೆ ಬಗ್ಗೆ ಸಾಕಷ್ಟು ನೋಡಿ ಒಪ್ಪಿರೋವು. ತಳಿಗಳನ್ನ ಸೂಕ್ಷ್ಮಜೀವಿ ಸಂಗ್ರಹಾಲಯಗಳಿಂದ ಹೆಸರು, ನಂಬರ್ ಸಮೇತ ತಗೊಳ್ಳಿ.

ಸವಳು ಮಣ್ಣಲ್ಲಿ ಚೆನ್ನಾಗಿ ನಿಂತಿರೋ ಗಿಡದ ಬೇರಿಂದ ನಾವೇ ತೆಗೀತೀವಿ ಅನ್ನೋರಿಗೆ ಒಂದು ಎಚ್ಚರಿಕೆ, ಇದನ್ನ ಹಗುರವಾಗಿ ತಗೋಬೇಡಿ. ಇಂಥ ಮಣ್ಣಲ್ಲಿ ಸಿಗೋ ಗಟ್ಟಿ ಯೀಸ್ಟ್‌ಗಳಲ್ಲಿ ಕ್ಯಾಂಡಿಡಾ ಟ್ರಾಪಿಕಾಲಿಸ್, ಪಿಚಿಯಾ ಕುಡ್ರಿಯಾವ್‌ಜೆವಿ, ಟ್ರೈಕೋಸ್ಪೋರಾನ್ ಅಸಾಹಿ ಇರ್ತವೆ. ಈ ಪಿಚಿಯಾ ಕುಡ್ರಿಯಾವ್‌ಜೆವಿಯ ಇನ್ನೊಂದು ಹೆಸರೇ ಕ್ಯಾಂಡಿಡಾ ಕ್ರೂಸಿ. ಗಿಡಕ್ಕೆ ಒಳ್ಳೇದು ಮಾಡ್ಬಹುದು, ಆದ್ರೆ ರೋಗನಿರೋಧಕ ಶಕ್ತಿ ಕಮ್ಮಿ ಇರೋ ಮನುಷ್ಯರ ರಕ್ತಕ್ಕೆ ಇಳಿದ್ರೆ ಜೀವಕ್ಕೇ ಅಪಾಯ. ಹೆಸರು ಗೊತ್ತಿಲ್ಲದ ಯೀಸ್ಟ್ 37 ಡಿಗ್ರಿಯಲ್ಲಿ ಹುಲುಸಾಗಿ ಬೆಳೀತು ಅಂದ್ರೆ ಅದನ್ನ ಕುದಿಸಿ ಚೆಲ್ಲಿ. ಬೆಳೀದೇ ಇದ್ರೂ ಡಿಎನ್ಎ ಪರೀಕ್ಷೆಯಿಂದ ಹೆಸರು ಖಚಿತ ಆಗೋವರೆಗೆ ಹೊಲಕ್ಕೆ ತಗೊಂಡ್ಹೋಗ್ಬೇಡಿ.

## ಹಂತ 3: ತಡ್ಕೊಳ್ಳತ್ತಾ ಅಂತ ಪರೀಕ್ಷಿಸಿ

ಮೂರು ಪರೀಕ್ಷೆ, ಮೂರೂ ಮಾಡಿ.

ಉಪ್ಪು: ಹಂತ 4ರಲ್ಲಿ ಹೇಳಿರೋ ದ್ರಾವಣವನ್ನೇ ಉಪ್ಪಿಲ್ದೆ ಒಂದು, ಶೇ. 2, 5, 8 ಉಪ್ಪು ಹಾಕಿ ಒಂದೊಂದು ಬಾಟಲಿ ಮಾಡಿ, ಎಲ್ಲಕ್ಕೂ ಸಮ ಯೀಸ್ಟ್ ಹಾಕಿ 3 ದಿನ ನೋಡಿ. ಕಣ್ಣಿಗೇ ಗೊತ್ತಾಗತ್ತೆ, ಹಿಂದೆ ಇಟ್ಟಿರೋ ಅಕ್ಷರ ಓದೋಕೆ ಆಗದಷ್ಟು ಮಬ್ಬಾದ್ರೆ ಬೆಳೆದಿದೆ ಅಂತ.

ಬಿಸಿ: ನೀರಲ್ಲಿ ಕದಡಿದ ಯೀಸ್ಟನ್ನ 42 ಡಿಗ್ರಿ ನೀರಿನ ಪಾತ್ರೆಯಲ್ಲಿ 2 ಗಂಟೆ ಇಟ್ಟು, ಆಮೇಲೆ ಮಿಥಿಲೀನ್ ಬ್ಲೂ ಹಾಕಿ ಬದುಕಿರೋವು ಎಷ್ಟು ಅಂತ ಎಣಿಸಿ, ಎಣಿಸೋದು ಹೇಗೆ ಅಂತ ಹಂತ 6ರಲ್ಲಿದೆ.

ಒಣಗೋದು: ಇದನ್ನ ಬಹುತೇಕ ಎಲ್ರೂ ಬಿಡ್ತಾರೆ, ಹೊಲದಲ್ಲಿ ಯೀಸ್ಟನ್ನ ಕೊಲ್ಲೋದು ಹೆಚ್ಚಾಗಿ ಇದೇ. ಕುಕ್ಕರಲ್ಲಿ ಬೇಯಿಸಿ ಒಣಗಿಸಿದ ಮರಳು 10 ಗ್ರಾಂ ತಗೊಂಡು 1 ಮಿಲಿ ಯೀಸ್ಟ್ ಕಲಸಿ, ಬಾಯಿಗೆ ತೆಳು ಬಟ್ಟೆ ಕಟ್ಟಿ 2 ದಿನ ನೆರಳಲ್ಲಿ ಬಿಡಿ. ಮರಳು ಪೂರ್ತಿ ಉದುರುದುರು ಆದ್ಮೇಲೆ ಹೊಸ ದ್ರಾವಣಕ್ಕೆ ಒಂದು ಚಿಟಿಕೆ ಹಾಕಿ. ಒಂದೇ ದಿನಕ್ಕೆ ಮಬ್ಬು ಬಂದ್ರೆ ಒಳ್ಳೇ ತಳಿ, 4 ದಿನ ಆದ್ರೂ ತಿಳಿಯಾಗೇ ಇದ್ರೆ ಬಿಟ್ಬಿಡಿ.

ಉಪ್ಪಿಗೆ ಪಳಗಿಸೋದೂ ಇಲ್ಲೇ. ಶೇ. 2 ಉಪ್ಪಲ್ಲಿ ಬೆಳೆದಿದ್ದನ್ನ ಶೇ. 4ಕ್ಕೆ ಹಾಕಿ, ಅಲ್ಲಿಂದ ಶೇ. 6ಕ್ಕೆ. ಹೀಗೆ ಬಂದ ಯೀಸ್ಟ್ ಒಳಗೆ ಗ್ಲಿಸರಾಲ್ ತುಂಬ್ಕೊಂಡಿರತ್ತೆ, ಹೊರಗಿನ ಉಪ್ಪು ಅದರ ನೀರನ್ನ ಎಳ್ಕೊಳ್ಳದ ಹಾಗೆ ಅದು ಹಿಡಿದಿಡತ್ತೆ. ಉಪ್ಪಿಲ್ಲದ ದ್ರಾವಣದಲ್ಲಿ ಮತ್ತೆ ಬೆಳೆಸಿದ್ರೆ ಈ ತಯಾರಿ ಹೊರಟುಹೋಗತ್ತೆ, ಹಾಗಾಗಿ ಕೊನೇ ಸಲ ಬೆಳೆಸೋದೂ ಶೇ. 3ರಿಂದ 4 ಉಪ್ಪಲ್ಲೇ ಇರ್ಲಿ.

## ಹಂತ 4: ಬೆಳೆಸಿ, ಹಸಿಯೋಕೆ ಬಿಡಿ

1 ಲೀಟರ್ ನೀರಿಗೆ ಕಾಕಂಬಿ 40 ಗ್ರಾಂ, ಅಮೋನಿಯಂ ಸಲ್ಫೇಟ್ 2 ಗ್ರಾಂ, 0:52:34 ಗೊಬ್ಬರ (ಮೊನೊ ಪೊಟ್ಯಾಶಿಯಂ ಫಾಸ್ಫೇಟ್) 1 ಗ್ರಾಂ, ಪಿಎಚ್ 5ರ ಹತ್ರ. ಬರೀ ಸಕ್ಕರೆ ನೀರಲ್ಲಿ ಸಾರಜನಕ ಇಲ್ಲ, ರಂಜಕ ಇಲ್ಲ, ಬಯೋಟಿನ್ ಇಲ್ಲ, ಕೋಶ ಬರೀ ಗ್ಯಾಸ್ ಬಿಡತ್ತೇ ಹೊರತು ಸಂಖ್ಯೆ ಏರಲ್ಲ. ಕಾಕಂಬಿ ಜಾಸ್ತಿ ಹಾಕಿದ್ರೆ ಯೀಸ್ಟ್ ಜಾಸ್ತಿ ಬರತ್ತೆ ಅನ್ನೋದೂ ತಪ್ಪು ಲೆಕ್ಕ, ಸಕ್ಕರೆ ಹೆಚ್ಚಾದಷ್ಟೂ ಬೇಕರಿ ಯೀಸ್ಟ್ ಗಾಳಿ ಇದ್ರೂ ಸಹ ಆಲ್ಕೋಹಾಲ್ ಮಾಡೋ ಕಡೆ ವಾಲತ್ತೆ.

ಬಾಟಲಿ ಅರ್ಧಕ್ಕಿಂತ ಜಾಸ್ತಿ ತುಂಬ್ಬೇಡಿ. ಹತ್ತಿ ಬಿರಡೆ ಹಾಕಿ ಕುಕ್ಕರಲ್ಲಿ ಪೂರ್ತಿ ಪ್ರೆಶರ್ ಬಂದ್ಮೇಲೆ 20 ನಿಮಿಷ ಬೇಯಿಸಿ, 30 ಡಿಗ್ರಿಗೆ ಇಳಿಯೋವರೆಗೂ ಮುಚ್ಚಳ ತೆಗೀಬೇಡಿ. ಬಿಸಿ ಇದೆಯಾ ಅಂತ ಬೆರಳು ಅದ್ದೋರಿದ್ದಾರೆ, ಅಲ್ಲಿಗೆ ಅಷ್ಟೊತ್ತು ಬೇಯಿಸಿದ್ದು ವ್ಯರ್ಥ.

ಡ್ರೈ ಯೀಸ್ಟ್ ಬಳಸೋದಾದ್ರೆ ಮೊದಲು 35ರಿಂದ 38 ಡಿಗ್ರಿ ನೀರಲ್ಲಿ 15 ನಿಮಿಷ ನೆನೆಸಿ. ತಣ್ಣೀರಿಗೆ ನೇರವಾಗಿ ಹಾಕಿದ್ರೆ ಒಣಗಿದ ಕೋಶದ ಪೊರೆಯಿಂದ ಒಳಗಿನ ಸತ್ವ ಸೋರಿಹೋಗತ್ತೆ, ಸುಮಾರು ಕೋಶ ಅಲ್ಲೇ ಸಾಯ್ತವೆ.

ಗಾಳಿ ಪಂಪ್ ಹಾಕಿ, ಗಾಳಿ ಹತ್ತಿ ಮೂಲಕ ಸೋಸಿಕೊಂಡೇ ಒಳಗೆ ಹೋಗ್ಲಿ. ಮುಚ್ಚಳ ಬಿಗಿದಿಡೋದು ಮಾತ್ರ ಯಾವತ್ತೂ ಬೇಡ, ಗ್ಯಾಸ್ ತುಂಬಿ ಗಾಜು ಸಿಡಿಯತ್ತೆ, ನನ್ನ ಎದುರಿಗೇ ಒಂದ್ಸಲ ಸಿಡಿದು ಗಾಜಿನ ಚೂರು ಗೋಡೆಗೆ ಹೊಡೆದಿದ್ದು ಇವತ್ತಿಗೂ ಕಣ್ಣಲ್ಲಿದೆ. 25ರಿಂದ 28 ಡಿಗ್ರಿ ಸಾಕು. 16 ಗಂಟೆ ಹೊತ್ತಿಗೆ ನೊರೆ ಜೋರಾಗಿರತ್ತೆ, ಈಗಲೇ ತೆಗೀಬೇಕು ಅಂತ ಕೈ ತುರಿಸತ್ತೆ, ಮುಟ್ಬೇಡಿ. ನೊರೆ ಪೂರ್ತಿ ಕೂತು, ಮೇಲೆ ಗುಳ್ಳೆ ನಿಂತು, ಅದಾದ್ಮೇಲೂ ಒಂದು ದಿನ ಹಾಗೇ ಬಿಡಿ. ಒಟ್ಟು 48ರಿಂದ 60 ಗಂಟೆ, ಉಪ್ಪು ಹಾಕಿದ್ರೆ ಇನ್ನೂ ಒಂದು ದಿನ ಜಾಸ್ತಿ.

## ಹಂತ 5: ತಿಳಿ ಬಸಿದು ಗಸಿ ತೊಳೆಯಿರಿ

ಬಾಟಲಿ ಫ್ರಿಜ್‌ನಲ್ಲಿ ಒಂದು ರಾತ್ರಿ ಅಲ್ಲಾಡಿಸದೆ ಇಡಿ. ಬೆಳಿಗ್ಗೆ ಮೇಲೆ ಕಂದು ಬಣ್ಣದ ತಿಳಿ, ಕೆಳಗೆ ಕೆನೆ ಬಣ್ಣದ ಗಸಿ. ತಿಳಿ ನಿಧಾನವಾಗಿ ಬಸಿದುಬಿಡಿ. ಆ ತಿಳಿಯಲ್ಲೇ ಆಲ್ಕೋಹಾಲ್, ಆಮ್ಲ, ಉಳಿದ ಉಪ್ಪು ಎಲ್ಲಾ ಇರೋದು, ಎಳೇ ಬೇರಿಗೆ ಬಿದ್ರೆ ಸುಡತ್ತೆ. ಅದರಲ್ಲೂ ಹಾರ್ಮೋನ್ ಇದೆಯಲ್ಲ, ಚೆಲ್ಲೋದು ಯಾಕೆ ಅಂತ ಕೇಳ್ತಾರೆ. ಇದೆ ನಿಜ, ಎಷ್ಟಿದೆ ಅಂತ ನಿಮಗೆ ಗೊತ್ತಿಲ್ಲ, ಹಾರ್ಮೋನ್ ಹೆಚ್ಚಾದ್ರೆ ಬೇರು ಉದ್ದ ಹೋಗೋದೇ ನಿಲ್ಲತ್ತೆ.

ಗಸಿಗೆ ಕುದಿಸಿ ಆರಿಸಿದ ನೀರು ಹಾಕಿ, ಲೀಟರಿಗೆ 8.5 ಗ್ರಾಂ ಉಪ್ಪು ಕರಗಿಸಿರಿ, ಕದಡಿ, ಮತ್ತೆ ಕೂರೋಕೆ ಬಿಟ್ಟು ಬಸಿಯಿರಿ. ಎರಡು ಸಲ. ತೊಳೆದ ಗಸಿ ಮೂಸಿದ್ರೆ ಬ್ರೆಡ್ ಹಿಟ್ಟಿನ ವಾಸನೆ ಬರ್ಬೇಕು, ಬೇರೇನೂ ಅಲ್ಲ.

## ಹಂತ 6: ಎಣಿಸಿ

ಗಸಿಯನ್ನ ಮತ್ತೆ 1 ಲೀಟರಿಗೆ ಕದಡಿ, ಅದರಿಂದ 1 ಮಿಲಿ ತೆಗೆದು 99 ಮಿಲಿ ನೀರಿಗೆ ಹಾಕಿ. ಅದರ ಒಂದು ಹನಿಗೆ ಒಂದು ಹನಿ ಮಿಥಿಲೀನ್ ಬ್ಲೂ ಸೇರಿಸಿ ಎಣಿಕೆ ಗಾಜಿನ ಮೇಲೆ ಬಿಡಿ, 5 ನಿಮಿಷದ ಒಳಗೆ ನೋಡಿ ಮುಗಿಸಿ. ಬದುಕಿರೋ ಕೋಶ ಬಣ್ಣ ಇಲ್ಲದೆ ಗಾಜಿನ ಮಣಿ ಥರ ಕಾಣ್ಸತ್ತೆ, ಸತ್ತಿದ್ದು ಅಚ್ಚ ನೀಲಿ. ತಾಯಿ ಕೋಶದ ಅರ್ಧಕ್ಕಿಂತ ಚಿಕ್ಕ ಮೊಗ್ಗು ಇದ್ರೆ ಎರಡೂ ಸೇರಿ ಒಂದು ಅಂತ ಲೆಕ್ಕ.

ನಡುವಿನ ದೊಡ್ಡ ಚೌಕದಲ್ಲಿ ಬಂದ ಸಂಖ್ಯೆಗೆ 10,000ದಿಂದ ಗುಣಿಸಿ, ಆಮೇಲೆ ಎಷ್ಟು ಪಟ್ಟು ತೆಳು ಮಾಡಿದ್ದೀರೋ ಅದರಿಂದ ಗುಣಿಸಿ. ಬಣ್ಣದ ಹನಿ ಸೇರಿ ಇಲ್ಲಿ 200 ಪಟ್ಟು. ಬದುಕಿರೋ ಕೋಶ 60 ಬಂದ್ರೆ ಮಿಲಿಗೆ 12 ಕೋಟಿ. ಬಳಸೋಕೆ ಬೇಕಿರೋದು ಮಿಲಿಗೆ 1 ಕೋಟಿ, ಅಂದ್ರೆ ನಿಮ್ಮ 1 ಲೀಟರು 12 ಲೀಟರ್ ಆಗತ್ತೆ. ನೂರಕ್ಕೆ 15ಕ್ಕಿಂತ ಹೆಚ್ಚು ನೀಲಿ ಇದ್ರೆ ಆ ಬ್ಯಾಚ್ ಬೇಡ. ಯೀಸ್ಟಿನ ಮಧ್ಯೆ ಅದಕ್ಕಿಂತ ತುಂಬಾ ಸಣ್ಣ ಕಡ್ಡಿಗಳು ಈಜಾಡ್ತಿದ್ರೆ ಬ್ಯಾಕ್ಟೀರಿಯಾ ಸೇರಿದೆ ಅಂತ ಅರ್ಥ, ಅದೂ ಬೇಡ.

## ಹಂತ 7: ಕುಂಡದಲ್ಲಿ ಮೂರು ಸಾಲು

ಇದನ್ನ ಬಿಟ್ಟು ಹೊಲಕ್ಕೆ ಹೋದ್ರೆ ಆಮೇಲೆ ಏನಾಯ್ತು, ಯಾಕಾಯ್ತು ಅಂತ ಯಾರಿಗೂ ಹೇಳೋಕಾಗಲ್ಲ. ತೂತಿರೋ 36 ಕುಂಡ, ಒಂದೇ ಮಣ್ಣು, ಒಂದೇ ದಿನದ ಸಸಿ. 12ಕ್ಕೆ ಬರೀ ನೀರು, 12ಕ್ಕೆ ಬದುಕಿರೋ ಯೀಸ್ಟ್, ಇನ್ನು 12ಕ್ಕೆ ಅದೇ ಯೀಸ್ಟನ್ನ 20 ನಿಮಿಷ ಕುದಿಸಿ ಆರಿಸಿ ಅದೇ ಪ್ರಮಾಣದಲ್ಲಿ.

ಕುದಿಸಿದ್ದು ಯಾಕೆ ಅಂದ್ರೆ ಯೀಸ್ಟ್ ತಾನೇ ಒಂದು ಗೊಬ್ಬರ, ಒಣ ತೂಕದಲ್ಲಿ ಅರ್ಧದಷ್ಟು ಹತ್ರ ಪ್ರೋಟೀನೇ ಇರತ್ತೆ. ನನ್ನ ಮೊದಲ ಪ್ರಯೋಗದಲ್ಲಿ ಡೋಸ್ ಜಾಸ್ತಿ ಇತ್ತು, ಯೀಸ್ಟ್ ಹಾಕಿದ ಟೊಮೆಟೊ ಸಸಿಗಳು ಹಚ್ಚಗೆ ಎದ್ದು ನಿಂತಿದ್ದು ನೋಡಿ ತುಂಬಾ ಖುಷಿಯಾಗಿತ್ತು, 30ನೇ ದಿನ ಬೇರು ತೊಳೆದು ಒದ್ದೆ ಬಿಳಿ ಬಟ್ಟೆ ಮೇಲೆ ಸಾಲಾಗಿ ಹಾಸಿದಾಗ ಕುದಿಸಿದ ಸಾಲಿನ ಬೇರೂ, ಬದುಕಿರೋ ಸಾಲಿನ ಬೇರೂ ಅಕ್ಕಪಕ್ಕ ಇಟ್ರೆ ಯಾವುದು ಯಾವುದು ಅಂತ ಹೇಳೋಕಾಗ್ಲಿಲ್ಲ. ಅಂದ್ರೆ ಅಲ್ಲಿ ಕೆಲಸ ಮಾಡಿದ್ದು ಸತ್ತ ಯೀಸ್ಟಿನ ಸಾರಜನಕ, ಅಷ್ಟಕ್ಕೆ ಇಷ್ಟೆಲ್ಲಾ ಕಷ್ಟಪಡೋ ಅಗತ್ಯ ಇಲ್ಲ, ಗೊಬ್ಬರ ಸಾಕು. ಬೇರೆ ತಳಿ ತಗೊಂಡು ಉಪ್ಪಿಗೆ ಪಳಗಿಸಿ ಮತ್ತೆ ಮಾಡಿದಾಗ ಬದುಕಿರೋ ಸಾಲಲ್ಲಿ ಮಾತ್ರ ಪಕ್ಕದ ಬೇರುಗಳು ದಟ್ಟವಾಗಿ ಒಡೆದಿದ್ವು, ಮಣ್ಣಿನ ಕಣ ಹಿಡ್ಕೊಂಡು ಬಿಡ್ತಾನೇ ಇರ್ಲಿಲ್ಲ.

ಯೀಸ್ಟ್ ಹಾಕಿ 7 ದಿನ ಆದ್ಮೇಲೆ ಕಷ್ಟ ಕೊಡೋಕೆ ಶುರು ಮಾಡಿ. ಉಪ್ಪಾದ್ರೆ ಲೀಟರಿಗೆ 1.5 ಗ್ರಾಂ ನೀರಿಂದ ಶುರು ಮಾಡಿ, ಎರಡು ದಿನ ಬಿಟ್ಟು 3 ಗ್ರಾಂ. ಒಂದೇ ಸಲ ಗಟ್ಟಿ ಉಪ್ಪುನೀರು ಹೊಯ್ದ್ರೆ ಎಲ್ಲಾ ಸಾಲೂ ಒಟ್ಟಿಗೆ ಬಾಡತ್ತೆ. ಕುಂಡಗಳ ಜಾಗ ಮೂರು ದಿನಕ್ಕೊಮ್ಮೆ ಅದಲು ಬದಲು ಮಾಡಿ. 30ನೇ ದಿನ ಬೇರಿನ ಉದ್ದ, ಒಣ ತೂಕ ನೋಡಿ, ಎತ್ತರ ಒಂದನ್ನೇ ನಂಬ್ಬೇಡಿ.

## ಹಂತ 8: ಹಾಕೋದು

ಬೀಜಕ್ಕೆ: ಮಿಲಿಗೆ 1 ಕೋಟಿ ಇರೋ ನೀರಲ್ಲಿ 30 ನಿಮಿಷ, ನೆರಳಲ್ಲಿ ಆರಿಸಿ, ಅವತ್ತೇ ಬಿತ್ತನೆ. ಬೇಳೆಕಾಳುಗಳನ್ನ ನೆನೆಸ್ಬೇಡಿ, ಸಿಪ್ಪೆ ಬಿರಿಯತ್ತೆ, ಚಿಮುಕಿಸಿ ಹೊರಳಾಡಿಸಿದ್ರೆ ಸಾಕು.

ಸಸಿಗೆ: ನಾಟಿ ಮಾಡೋ ಮುಂಚೆ ಬೇರು 20 ನಿಮಿಷ ಅದ್ದಿ. ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಹಿಡಿಯೋದು ಇದೇ, ಯೀಸ್ಟ್ ನೇರ ಬೇರಿಗೇ ಅಂಟ್ಕೊಳ್ಳತ್ತೆ.

ಬುಡಕ್ಕೆ: ಗಿಡಕ್ಕೆ 50 ಮಿಲಿ, ಸಂಜೆ ಹೊತ್ತು, ಮಣ್ಣು ಮೊದಲೇ ಹದವಾಗಿ ಒದ್ದೆ ಇರ್ಬೇಕು. ಒಣ ಮಣ್ಣಿಗೆ ಹೊಯ್ದ್ರೆ ಬೆಳಿಗ್ಗೆ ಹತ್ತರೊಳಗೆ ಅರ್ಧಕ್ಕರ್ಧ ಸತ್ತಿರತ್ತೆ ಅಂತಾನೇ ಇಟ್ಕೊಳ್ಳಿ.

ನೀರಲ್ಲಿ ಕ್ಲೋರಿನ್ ಇದ್ರೆ ಅಗಲ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಡಿ, ಮಳೆನೀರು ಇದ್ರೆ ಇನ್ನೂ ಒಳ್ಳೇದು. ಬೀಜ ಅಂಗಡಿಯಿಂದ ಬಣ್ಣ ಹಚ್ಕೊಂಡು ಬಂದಿದ್ರೆ ಅದು ಶಿಲೀಂಧ್ರನಾಶಕ, ಯೀಸ್ಟ್ ಕೂಡ ಶಿಲೀಂಧ್ರವೇ ಅನ್ನೋದು ಮರೀಬೇಡಿ. ತಾಮ್ರ, ಮ್ಯಾಂಕೊಜೆಬ್, ಥೈರಾಮ್, ಟೆಬುಕೊನಜೋಲ್ ಥರದವು ಇರೋ ಕಡೆ ಹಾಕೋ ಮೊದಲು ಸಣ್ಣ ಪರೀಕ್ಷೆ ಮಾಡಿ: ಹೊಡೆಯೋ ಪ್ರಮಾಣದಲ್ಲೇ ಔಷಧಿ ಕಲಸಿದ ನೀರಲ್ಲಿ ಯೀಸ್ಟ್ 2 ಗಂಟೆ ಬಿಟ್ಟು, ತೊಳೆದು, ಹೊಸ ದ್ರಾವಣದಲ್ಲಿ ಬೆಳೆಯತ್ತಾ ನೋಡಿ.

ತುಂಬಾ ಒಣಗೋ ಮಣ್ಣಿಗೆ ಗಸಿಯನ್ನ ಮಣಿ ಮಾಡಿ ಹಾಕ್ಬಹುದು. ಶೇ. 2 ಸೋಡಿಯಂ ಆಲ್ಜಿನೇಟ್ ದ್ರಾವಣಕ್ಕೆ ಗಸಿ ಕಲಸಿ, ಸಿರಿಂಜಿಂದ ಶೇ. 1.5 ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿಹನಿ ಬಿಟ್ರೆ ಗುಂಡಗೆ ಗಟ್ಟಿಯಾಗತ್ತೆ, ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಫಾಸ್ಫೇಟ್ ಗೊಬ್ಬರದ ನೀರಿಗೆ ಮಾತ್ರ ಇವನ್ನ ಹಾಕ್ಬೇಡಿ, ಫಾಸ್ಫೇಟ್ ಕ್ಯಾಲ್ಸಿಯಂ ಎಳ್ಕೊಂಡು ಮಣಿ ಕರಗಿಹೋಗತ್ತೆ.

## ಅಪಾಯದ ಲಕ್ಷಣಗಳು

ಬಾಟಲಿಯಲ್ಲಿ ವಿನೆಗರ್ ವಾಸನೆ ಬಂದ್ರೆ ಬ್ಯಾಕ್ಟೀರಿಯಾ ಹೊಕ್ಕಿದೆ, ಕೊಳೆತ ಮೊಟ್ಟೆ ವಾಸನೆ ಬಂದ್ರೆ ಯೀಸ್ಟಿಗೆ ಸಾರಜನಕ ಸಾಲಿಲ್ಲ ಅಥವಾ ಕಲಬೆರಕೆ ಆಗಿದೆ. ಮೇಲೆ ಹತ್ತಿಯಂಥ ಬೂಷ್ಟು, ಹಸಿರು ಕಪ್ಪು ಚುಕ್ಕೆ ಕಂಡ್ರೆ ಮೇಲಿಂದ ತೆಗೆದು ಬಳಸ್ತೀನಿ ಅನ್ನಬೇಡಿ. ಬಿಳಿ ಯೀಸ್ಟ್ ಬೆಳೆಸಿದ್ದಕ್ಕೆ ಗುಲಾಬಿ ಬಣ್ಣ ಬಂತು ಅಂದ್ರೆ ಬೇರೆ ಯೀಸ್ಟ್ ಬಂದು ಕೂತಿದೆ. ಇದ್ಯಾವುದನ್ನೂ ಹಾಗೇ ಚೆಲ್ಬೇಡಿ, ಕುಕ್ಕರಲ್ಲಿ ಕುದಿಸಿ ಚೆಲ್ಲಿ.

ಗಿಡದಲ್ಲಿ ಕೆಳಗಿನ ಎಲೆ ವಾರದಲ್ಲೇ ಹಳದಿ ಆದ್ರೆ ಹೆಚ್ಚಾಗಿ ಸಕ್ಕರೆ ಮಣ್ಣಿಗೆ ಹೋಗಿದೆ, ಸೂಕ್ಷ್ಮಜೀವಿಗಳು ಅದನ್ನ ತಿಂದು ಬೆಳೆಯೋಕೆ ಮಣ್ಣಿನ ಸಾರಜನಕ ಎಳ್ಕೊಂಡಿವೆ, ಹಂತ 5 ಸರಿಯಾಗಿಲ್ಲ. ಮುಖ್ಯ ಬೇರು ಗಿಡ್ಡ ದಪ್ಪ ಆಗಿ ಕೂದಲು ಬೇರು ಗುಪ್ಪೆ ಗುಪ್ಪೆ ಬಂದಿದ್ರೆ ಹಾರ್ಮೋನ್ ಜಾಸ್ತಿ, ಡೋಸ್ ಹತ್ತನೇ ಒಂದಕ್ಕೆ ಇಳಿಸಿ. ಬುಡದ ಸುತ್ತ ಸಣ್ಣ ಕಪ್ಪು ನೊಣ ಹಾರಾಡ್ತಿದ್ರೆ ಮಣ್ಣು ಮೇಲ್ಪದರ ಒಣಗೋಕೆ ಬಿಡಿ.

## ಹಂತ 9: ಹೊಲದಲ್ಲಿ ಒಂದು ಪಟ್ಟಿ

ಇಡೀ ಹೊಲಕ್ಕೆ ಒಟ್ಟಿಗೆ ಬೇಡ. ನಾಲ್ಕು ಪಟ್ಟಿ ಮಾಡಿ, ಒಂದು ಬಿಟ್ಟು ಒಂದಕ್ಕೆ ಹಾಕಿ, ಹಾಕದ ಪಟ್ಟಿಗೂ ಅಷ್ಟೇ ನೀರು ಕೊಡಿ. ಉಳಿದ ಗಸಿ ಫ್ರಿಜ್‌ನಲ್ಲಿ ಸಡಿಲ ಮುಚ್ಚಳ ಹಾಕಿ ಎರಡು ವಾರ ಇಡ್ಬಹುದು, ಬಳಸೋ ದಿನ ಮತ್ತೆ ಎಣಿಸ್ಬೇಕು. ಗಸಿ ಮುಟ್ಟೋವಾಗ ಕೈಗವಸು ಇರ್ಲಿ, ಗಾಯ ಇದ್ದೋರು, ಕೀಮೋ ಅಥವಾ ಸ್ಟೆರಾಯ್ಡ್ ತಗೊಳ್ತಿರೋರು ಈ ಕೆಲಸದಿಂದ ದೂರ ಇರಿ.

15ನೇ ದಿನ ಎರಡೂ ಥರದ ಪಟ್ಟಿಯಿಂದ 5-5 ಗಿಡ ಮಣ್ಣು ಸಮೇತ ಅಗೆದು, ಬಕೆಟ್ ನೀರಲ್ಲಿ ನಿಧಾನವಾಗಿ ತೊಳೆದು ಬೇರು ಹೋಲಿಸಿ. ಯೀಸ್ಟ್ ಹಾಕಿದ ಕಡೆ ಪಕ್ಕದ ಬೇರು ಹೆಚ್ಚಿದ್ರೆ ಅವತ್ತೇ ಸಂಜೆ ಎರಡನೇ ಸಲ ಹಾಕಿ. ವ್ಯತ್ಯಾಸ ಕಾಣ್ಲಿಲ್ಲ ಅಂದ್ರೆ ಡೋಸ್ ಏರಿಸೋಕೆ ಹೋಗ್ಬೇಡಿ, ಆ ಬೇರಿನ ಪಕ್ಕದ ಮಣ್ಣು ಒಂದು ಚಿಟಿಕೆ ತಗೊಂಡು, ಬೇಯಿಸೋ ಮುಂಚೆ ಪಿಎಚ್ 4ಕ್ಕೆ ಇಳಿಸಿದ ದ್ರಾವಣದಲ್ಲಿ ಹಾಕಿ ಎರಡು ದಿನ ಆದ್ಮೇಲೆ ಮೈಕ್ರೋಸ್ಕೋಪಲ್ಲಿ ನೋಡಿ. ಯೀಸ್ಟ್ ಕಾಣ್ಸಿದ್ರೆ ಹೆಚ್ಚಾಗಿ ಅದು ಬದುಕಿದೆ (ಮಣ್ಣಲ್ಲಿ ಮೊದಲೇ ಇದ್ದ ಯೀಸ್ಟೂ ಆಗಿರ್ಬಹುದು), ಆದ್ರೆ ನಿಮ್ಮ ಬೆಳೆಗೆ ಆಗಿಬರೋ ತಳಿ ಅಲ್ಲ, ಹಂತ 2ಕ್ಕೆ ವಾಪಸ್ ಹೋಗಿ. ಕಾಣ್ಲೇ ಇಲ್ಲ ಅಂದ್ರೆ ಸತ್ತುಹೋಗಿದೆ, ಹಂತ 3ರ ಮರಳಿನ ಪರೀಕ್ಷೆಯಿಂದ ಮತ್ತೆ ಶುರು ಮಾಡಿ.